ಮರಳುಗಾಡಿನ ದಾರಿಯಲ್ಲಿ ಬರುವ ಮಗಳಿಗೆ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ದೀಪಾವಳಿಗೆ ಡಲ್ಲಾಸ್‌ನಿಂದ ಇಲ್ಲಿ ಟಕ್ಸನ್‌ಗೆ ಕಾರಿನಲ್ಲೇ ಬರುತ್ತೇವೆಂದೂ, ದಾರಿಯಲ್ಲಿ ಸಿಗುವ ರಾಷ್ಟ್ರೀಯ ಉದ್ಯಾನಗಳಲ್ಲಿ ಮಕ್ಕಳನ್ನು ನಡೆಸಿಕೊಂಡು ಬರುವ ಆಸೆಯಿದೆಯೆಂದೂ ನೀನು ಬರೆದದ್ದನ್ನು ನಿನ್ನಮ್ಮನೂ ನಾನೂ ಕೂತು ಓದಿದೆವು. ಗ್ವಾಡಲೂಪ್ ಪರ್ವತ, ಕಾರ್ಲ್ಸ್‌ಬ್ಯಾಡ್ ಗುಹೆಗಳು, ವೈಟ್ ಸ್ಯಾಂಡ್ಸ್, ಕೊನೆಗೆ ನಮ್ಮೂರಿನ ಸುವಾರೊ, ನಾಲ್ಕೂ ನೋಡತಕ್ಕ ಸ್ಥಳಗಳೇ. ಆದರೆ ಆರು ವರ್ಷದ ಮಗನೂ ಮೂರು ವರ್ಷದ ಪುಟ್ಟಿಯೂ ಜೊತೆಗಿರುವಾಗ ದಿನದ ಲೆಕ್ಕವನ್ನು ಪುಟ್ಟಿಯ ನಡಿಗೆಗೆ ಹೊಂದಿಸಿ ಹಾಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಟೆಕ್ಸಸ್‌ನ ಅತಿ ಎತ್ತರದ ಗ್ವಾಡಲೂಪ್ ಶಿಖರ 2667 ಮೀಟರ್ ಇದೆ. ಅದನ್ನು ಹತ್ತು ವರ್ಷ ಮುಂದೂಡಿ, ಆ ದಿನವನ್ನೂ ವೈಟ್ ಸ್ಯಾಂಡ್ಸ್‌ಗೇ ಕೊಟ್ಟುಬಿಡು.

ನ್ಯೂ ಮೆಕ್ಸಿಕೋದ ಟುಲರೋಸಾ ಕಣಿವೆಯಲ್ಲಿ ಸುಮಾರು 710 ಚದರ ಕಿಲೋಮೀಟರ್ ಹರಡಿರುವ ಆ ಬಿಳಿಯ ದಿಬ್ಬಗಳು ಜಿಪ್ಸಮ್ ಎಂಬ ಖನಿಜದವು. ಸುತ್ತಲಿನ ಬೆಟ್ಟಗಳ ಜಿಪ್ಸಮ್ ಮಳೆನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಕಣಿವೆಯಿಂದ ಸಮುದ್ರಕ್ಕೆ ಹರಿಯುವ ನದಿಯೇ ಇಲ್ಲದ್ದರಿಂದ ಆ ನೀರು ಲೂಸೆರೊ ಎಂಬ ಕೆರೆಯಲ್ಲಿ ನಿಂತು ಆವಿಯಾಗುತ್ತದೆ, ಉಳಿದ ಹರಳುಗಳು ಗಾಳಿ ಚಳಿಗೆ ಒಡೆದು ಪುಡಿಯಾಗಿ ಮರಳಾಗುತ್ತವೆ. ಈ ಮರಳು ಬಿಸಿಲಿಗೆ ಬೇರೆ ಮರಳಿನಂತೆ ಕಾಯುವುದಿಲ್ಲವಾದ್ದರಿಂದ ಮಕ್ಕಳು ಬರಿಗಾಲಲ್ಲೇ ಓಡಾಡಬಹುದು, ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ದಿಬ್ಬದಿಂದ ಜಾರಬಹುದು. ನಾವು ಮೈಮರೆಯುವುದೂ ಇದರಿಂದಲೇ. ಅಂಗಾಲು ತಂಪಾಗಿದ್ದಾಗ ನೆತ್ತಿಯ ಮೇಲಿನ ಬಿಸಿಲು ಮರೆತುಹೋಗುತ್ತದೆ. ಬಿಳಿಯ ನೆಲವೋ ಬೆಳಕನ್ನು ಕೆಳಗಿನಿಂದಲೂ ಮುಖಕ್ಕೆ ಎರಚುತ್ತದೆ. ಟೋಪಿಯ ಜೊತೆಗೆ ಮಕ್ಕಳಿಗೂ ತಂಪು ಕನ್ನಡಕ ಇರಲಿ, ಸನ್‌ಸ್ಕ್ರೀನ್ ಹಚ್ಚುವಾಗ ಗದ್ದದ ಅಡಿಯನ್ನು ಬಿಡಬೇಡ.

ಅಲ್ಲಿ ಹಲಗೆ ಹಾಸಿದ ಒಂದು ಚಿಕ್ಕ ದಾರಿಯಿದೆ. ಅದನ್ನು ಪುಟ್ಟಿ ತಾನೇ ನಡೆದು ಮುಗಿಸುತ್ತಾಳೆ. ಡ್ಯೂನ್ ಲೈಫ್ ಎಂಬ ಒಂದು ಮೈಲಿಯ ದಾರಿ ಮಗನಿಗೆ ಸರಿಹೋಗುತ್ತದೆ. ಐದು ಮೈಲಿಯ ಆಲ್ಕಲೈ ಫ್ಲಾಟ್ ದಾರಿಗೆ ಮಾತ್ರ ಮಕ್ಕಳನ್ನು ಕರೆದೊಯ್ಯಬೇಡ. 2015ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನಿಂದ ಬಂದಿದ್ದ ದಂಪತಿ ಒಂಬತ್ತು ವರ್ಷದ ಮಗನೊಡನೆ ಆ ದಾರಿ ಹಿಡಿದಿದ್ದರು. ಸುಮಾರು 38 ಡಿಗ್ರಿ ಬಿಸಿಲು. ಅವರ ಬಳಿ ಇದ್ದದ್ದು ಎರಡು ಸಣ್ಣ ಬಾಟಲಿ ನೀರು. ಸುಸ್ತಾಗಿ ಹಿಂದಿರುಗಿದ ತಾಯಿ ದಾರಿಯಲ್ಲೇ ತೀರಿಕೊಂಡರು, ಮಗನೊಂದಿಗೆ ಮುಂದೆ ಹೋದ ತಂದೆಯೂ ಉಳಿಯಲಿಲ್ಲ. ತಾವು ಒಂದು ಗುಟುಕು ಕುಡಿದಾಗ ಮಗನಿಗೆ ಎರಡು ಗುಟುಕು ಕುಡಿಸಿದ್ದರಂತೆ, ಹುಡುಗ ಬದುಕಿದ. ಹಬ್ಬದ ಹೊತ್ತಿಗೆ ಅಷ್ಟು ಬಿಸಿಲು ಇರುವುದಿಲ್ಲ, ನಿನ್ನನ್ನು ಹೆದರಿಸಲೆಂದೂ ಇದನ್ನು ಬರೆಯುತ್ತಿಲ್ಲ. ದಾರಿಯುದ್ದಕ್ಕೂ ಎಲ್ಲಿಯೂ ನೀರಿಲ್ಲ, ಗಾಳಿಗೆ ದಿಬ್ಬಗಳು ಸರಿಯುತ್ತಲೇ ಇರುವುದರಿಂದ ಹಿಂದಿನ ಹೆಜ್ಜೆಗಳೂ ಅಳಿದುಹೋಗುತ್ತವೆ ಎಂಬುದು ನಿನಗೂ ಅಳಿಯಂದಿರಿಗೂ ಗೊತ್ತಿರಬೇಕು.

ತಲೆಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ನೀರು ಕಾರಿನಲ್ಲಿರಲಿ. ಒಣಗಾಳಿಯಲ್ಲಿ ಬೆವರು ಮೂಡಿದ ಕ್ಷಣವೇ ಆರಿಹೋಗುವುದರಿಂದ ಮಗು ಬೆವರಿದ್ದು ಕಣ್ಣಿಗೆ ಕಾಣುವುದಿಲ್ಲ, ಆಟದಲ್ಲಿ ಮುಳುಗಿದ ಮಗು ಬಾಯಾರಿಕೆ ಎಂದು ಕೇಳುವುದೂ ಇಲ್ಲ. ಕೇಳುವ ಮೊದಲೇ ಕುಡಿಸು; ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕವೂ, ಚಕ್ಕುಲಿಯೋ ಅವಲಕ್ಕಿಯೋ ಉಪ್ಪಿನ ಅಂಶವಿರುವ ಏನಾದರೂ ಕುರುಕಲೂ ಜೊತೆಗಿರಲಿ. ಹೊತ್ತೊಯ್ದ ನೀರು ಅರ್ಧವಾಗುವ ಮೊದಲೇ, ಮುಂದೆ ಎಂಥ ಚೆಂದದ ದಿಬ್ಬವೇ ಕಾಣಲಿ, ಕಾರಿನತ್ತ ತಿರುಗಿಬಿಡಿ. ಇದೊಂದು ಮಾತನ್ನು ನೀನು ನಡೆಸಿಕೊಟ್ಟರೆ ನನಗೆ ಇಲ್ಲಿ ನಿದ್ದೆ ಬರುತ್ತದೆ.

ವೈಟ್ ಸ್ಯಾಂಡ್ಸ್‌ನ ಒಂದು ಸಂಗತಿಯನ್ನು ಮಗನಿಗೆ ನೀನೇ ಹೇಳಬೇಕೆಂದು ನನ್ನ ಆಸೆ. ಅಲ್ಲಿನ ಹಳೆಯ ಕೆರೆಯಂಗಳದಲ್ಲಿ ಮನುಷ್ಯರ ಹೆಜ್ಜೆಗುರುತುಗಳು ಸಿಕ್ಕಿವೆ. ಅವುಗಳಲ್ಲಿ ಕೆಲವು 21,000ದಿಂದ 23,000 ವರ್ಷ ಹಳೆಯವೆಂದು 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದರ ಹಿಂದಿನ ವರ್ಷ ಪ್ರಕಟವಾದ ಮತ್ತೊಂದು ಜಾಡು ನನ್ನನ್ನು ಇನ್ನೂ ಹೆಚ್ಚು ಹಿಡಿದಿಟ್ಟಿದೆ. ಒಬ್ಬ ಹೆಂಗಸು, ಅಥವಾ ಹರೆಯದ ಹುಡುಗನೂ ಇರಬಹುದು, ಪುಟ್ಟ ಮಗುವನ್ನೆತ್ತಿಕೊಂಡು ಜಾರುವ ಕೆಸರಿನಲ್ಲಿ ಅವಸರವಾಗಿ ಒಂದೂವರೆ ಕಿಲೋಮೀಟರಿನಷ್ಟು ನಡೆದಿದ್ದಾರೆ. ಅಲ್ಲಲ್ಲಿ ಮಗುವನ್ನು ಕೆಳಗಿಳಿಸಿದ್ದಕ್ಕೆ ಸಾಕ್ಷಿಯಾಗಿ ಅದರ ಪುಟ್ಟ ಪಾದಗಳೂ ಮೂಡಿವೆ. ಅದೇ ದಾರಿಯಲ್ಲಿ ಹಿಂದಿರುಗಿದಾಗ ಮಗು ಜೊತೆಯಲ್ಲಿಲ್ಲ. ಈ ಎರಡರ ನಡುವೆ ಈಗ ಅಳಿದುಹೋಗಿರುವ ಎರಡು ಪ್ರಾಣಿಗಳು, ಆನೆಯ ಜಾತಿಯ ಒಂದು ಮ್ಯಾಮತ್ತೂ ಒಂದು ದೈತ್ಯ ಸ್ಲಾತೂ, ಆ ಜಾಡನ್ನು ದಾಟಿವೆ. ಆ ಜಾಗಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ, ಆದರೂ ದಿಬ್ಬದ ಮೇಲೆ ಪುಟ್ಟಿ ‘ಎತ್ತಿಕೋ’ ಎಂದು ಕೈಚಾಚಿದಾಗ ಮಗನಿಗೆ ಇದನ್ನು ಹೇಳು.

ಸುವಾರೊ ಉದ್ಯಾನಕ್ಕೆ ನಾನೇ ಜೊತೆಗೆ ಬರುತ್ತೇನೆ. ಉದ್ಯಾನಕ್ಕೆ ಹೆಸರು ಕೊಟ್ಟ ಸುವಾರೊ ಎಂಬ ಆ ದೊಡ್ಡ ಕಳ್ಳಿಗಿಡ ಮೊದಲ ಎಂಟು ವರ್ಷಗಳಲ್ಲಿ ಒಂದೂವರೆ ಅಂಗುಲ ಬೆಳೆದರೆ ಹೆಚ್ಚು. ತೋಳು ಒಡೆಯಲು ಐವತ್ತರಿಂದ ಎಪ್ಪತ್ತು ವರ್ಷ ಬೇಕು. ಮಗನ ವಯಸ್ಸಿನ ಗಿಡ ಅವನ ಹೆಬ್ಬೆರಳಿನಷ್ಟೂ ಇರುವುದಿಲ್ಲ. ಬೇರೆ ಮರಗಳ ನೆರಳಲ್ಲಿ ಅಡಗಿ ಬೆಳೆಯುವ ಅಂಥದ್ದೊಂದನ್ನು ಹುಡುಕುವ ಕೆಲಸ ಅವನದು. ಸಿಗ್ನಲ್ ಹಿಲ್ ಎಂಬ ಗುಡ್ಡದ ಮೇಲೆ ಹಿಂದೆ ಈ ಸೀಮೆಯಲ್ಲಿ ಬಾಳಿದ್ದ ಹೊಹೊಕಮ್ ಜನರು ಬಂಡೆಯಲ್ಲಿ ಕೊರೆದ ಸುರುಳಿಯನ್ನೂ ತೋರಿಸೋಣ, ಹತ್ತಲು ಹೆಚ್ಚು ದೂರವಿಲ್ಲ. ಚೋಯಾ ಕಳ್ಳಿಯ ಹತ್ತಿರ ಮಾತ್ರ ಪುಟ್ಟಿಯ ಕೈ ಹಿಡಿದಿರಬೇಕು; ಸ್ವಲ್ಪ ತಾಗಿದರೂ ಮುಳ್ಳಿನ ಉಂಡೆಯೇ ಕಳಚಿ ಅಂಟಿಕೊಳ್ಳುತ್ತದೆ. ಅದನ್ನು ಕೈಯಿಂದ ಕೀಳಬಾರದು, ಬಾಚಣಿಗೆಯಿಂದ ಎಬ್ಬಿಸಬೇಕು. ಬಾಚಣಿಗೆ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ.

ಇನ್ನೊಂದು ವಿಷಯ. ವೈಟ್ ಸ್ಯಾಂಡ್ಸ್ ಸುತ್ತ ಇರುವುದು ಸೈನ್ಯದ ಕ್ಷಿಪಣಿ ಪರೀಕ್ಷಾ ವಲಯ. ಪರೀಕ್ಷೆಯಿದ್ದಾಗ ಉದ್ಯಾನವನ್ನೂ ಹೆದ್ದಾರಿಯನ್ನೂ ಕೆಲವು ಗಂಟೆ ಮುಚ್ಚುವುದುಂಟು. ಹಿಂದಿನ ದಿನವೇ ವಿಚಾರಿಸಿಕೊಂಡು ಹೊರಡಿ. ಪುಟ್ಟಿಯನ್ನು ಬೆನ್ನ ಮೇಲೆ ಕೂರಿಸಿಕೊಳ್ಳುವ ಚೀಲ ನಿಮ್ಮಲ್ಲಿ ಇಲ್ಲದಿದ್ದರೆ ಇವತ್ತೇ ತಿಳಿಸು, ಇಲ್ಲಿಂದ ಕೊಂಡು ಕಳುಹಿಸುತ್ತೇನೆ. ನೀವು ಹೊರಡುವ ಮೊದಲೇ ಅದು ಕೈಸೇರಬೇಕು.

ನಿನ್ನ ಪ್ರೀತಿಯ,
ಅಪ್ಪ