ಬ್ಯಾಗ್ ಕೊಡೋರಿದ್ದಾರೆ, ಲೆಕ್ಕ ಬರೆಯೋರಿಗೆ ಸಂಬಳ ಕೊಡೋರಿಲ್ಲ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗೋ ಟೈಮು ಬಂತು ಅಂದ್ರೆ ನಿಮ್ಮ ಜಿಲ್ಲಾ ಪುಟದಲ್ಲಿ ಎರಡು ದಿನಕ್ಕೊಂದು ಫೋಟೋ ಇದ್ದೇ ಇರುತ್ತೆ, ಸಾಲಾಗಿ ನಿಂತ ಮಕ್ಕಳು, ಕೈಯಲ್ಲಿ ಹೊಸ ಬ್ಯಾಗು, ಹಿಂದೆ ಒಂದು ಬ್ಯಾನರ್ರು, ಅದರಲ್ಲಿ ಕೊಟ್ಟೋರ ಹೆಸರು ಮಕ್ಕಳ ಮುಖಕ್ಕಿಂತ ದಪ್ಪ. ಕೊಡ್ಲಿ ಬಿಡಿ, ಬೇಡ ಅನ್ನಲ್ಲ. ಆದ್ರೆ ಆ ಫೋಟೋ ನೋಡ್ದಾಗೆಲ್ಲ ನನಗೆ ನಮ್ಮ ಸಂಘದ ಕಬ್ಬಿಣದ ಬೀರು ಕಣ್ಮುಂದೆ ಬರುತ್ತೆ. ಅದರ ಕೆಳಗಿನ ಎರಡು ಖಾನೆ ತುಂಬ ಬ್ಯಾಗುಗಳೇ, ಪ್ಲಾಸ್ಟಿಕ್ ಕವರ್ರು ಕೂಡ ಬಿಚ್ಚಿಲ್ಲ. ಒಂದೇ ವರ್ಷದಲ್ಲಿ ಮೂರು ಕಡೆಯಿಂದ ಬಂದ್ವು. ನಮ್ಮಲ್ಲಿರೋದು 26 ಮಕ್ಕಳು, ಎಲ್ಲಾ ಅಂಗವೈಕಲ್ಯ ಇರೋ ಮಕ್ಕಳು, ಅದ್ರಲ್ಲಿ ಒಂಬತ್ತು ಜನಕ್ಕೆ ಬೆನ್ನಿಗೆ ಬ್ಯಾಗ್ ಏರಿಸ್ಕೊಳ್ಳೋಕೇ ಆಗಲ್ಲ. "ಸಾರ್, ಬ್ಯಾಗ್ ಬದ್ಲು ಆ ದುಡ್ಡಲ್ಲಿ ಫಿಸಿಯೋಥೆರಪಿ ಮಾಡೋರಿಗೆ ನಾಲ್ಕು ತಿಂಗಳ ಸಂಬಳ ಕೊಡಿ" ಅಂತ ಬ್ಯಾಗ್ ಕೊಟ್ಟೋರೊಬ್ಬರನ್ನ ಕೇಳ್ದೆ, ಫೋಟೋದಲ್ಲಿ ಸಂಬಳ ಕಾಣಲ್ವಲ್ಲ ಸಾರ್ ಅಂತ ನಗ್ತಾ ಹೇಳಿ ಹೋದ್ರು. ಪಾಪ ಅವರು ನಿಜವನ್ನೇ ಹೇಳಿದ್ದು.

ನಾನು ಬ್ಯಾಂಕಲ್ಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವನು, ಈಗ ಮಂಡ್ಯದ ಈ ಸಣ್ಣ ಸಂಘಕ್ಕೆ ಖಜಾಂಚಿ. ಬ್ಯಾಂಕಿನೋನು ಅಂತ ಕೂರಿಸಿದ್ರು, ನಾನೂ ವಾಕಿಂಗ್ ಬಿಟ್ರೆ ಬೇರೆ ಕೆಲಸ ಇಲ್ಲ ಅಂತ ಒಪ್ಕೊಂಡೆ. ಮೊದಲನೇ ದಿನ ಹಳೇ ಖಜಾಂಚಿಯವರು ಚಾರ್ಜ್ ಕೊಟ್ಟಿದ್ದು ಏನಂತೀರಾ, ಒಂದು ಕ್ಯಾಶ್‌ಬುಕ್ಕು, ಒಂದು ಮಿನಿಟ್ಸ್ ಬುಕ್ಕು, ಮತ್ತೆ ಒಂದು ದೊಡ್ಡ ಬಿಸ್ಕೆಟ್ ಡಬ್ಬಿ. ಡಬ್ಬಿ ತುಂಬ ಬಿಲ್ಲುಗಳು. ಮಕ್ಕಳನ್ನ ಕರ್ಕೊಂಡು ಬರೋ ವ್ಯಾನಿನ ಡೀಸೆಲ್ ಬಿಲ್ಲೇ ಜಾಸ್ತಿ, ಆ ಬಂಕ್ ಬಿಲ್ಲು ಇದಾವಲ್ಲ, ಅವು ಮೂರು ತಿಂಗಳಿಗೆ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಆಗ್ತವೆ, ಬೆಳಕಿಗೆ ಹಿಡಿದು ವಾರೆ ಮಾಡಿ ನೋಡಿದ್ರೆ ಎಲ್ಲೋ ಒಂದು 5, ಒಂದು 0 ಕಾಣುತ್ತೆ. ಆಡಿಟ್‌ಗೆ ಕೂತಾಗ ಇಂಥ 40 ಬಿಳಿ ಚೀಟಿ ಸಿಕ್ವು. ದುಡ್ಡು ಯಾರೂ ತಿಂದಿಲ್ಲ ಅಂತ ನನಗೆ ಗೊತ್ತು, ವ್ಯಾನು ಓಡಿದೆ, ಮಕ್ಕಳು ಬಂದಿದಾರೆ. ಆದ್ರೆ ಆಡಿಟರ್‌ಗೆ ಹೆಂಗೆ ಗೊತ್ತಾಗಬೇಕು? ಈಗ ನಾನು ಬಂಕಲ್ಲಿ ಬಿಲ್ ಕೊಟ್ಟ ದಿನವೇ ಜೆರಾಕ್ಸ್ ಮಾಡಿ ವೋಚರ್‌ಗೆ ಪಿನ್ ಹೊಡೀತೀನಿ. ಇದು ಯಾರಾದ್ರೂ ಒಬ್ರು ಹತ್ತು ನಿಮಿಷ ಹೇಳಿಕೊಟ್ಟಿದ್ರೆ ಸಾಕಿತ್ತು. ಹೇಳಿಕೊಡೋರೇ ಇರಲಿಲ್ಲ.

ನಾನು ಹೇಳೋಕೆ ಹೊರಟಿರೋದು ಇದನ್ನೇ. ನಮ್ಮ ಮಂಡ್ಯ, ಮೈಸೂರು ಕಡೆ ಒಳ್ಳೆ ಕೆಲಸ ಮಾಡೋ ಸಣ್ಣ ಸಂಘ, ಟ್ರಸ್ಟ್‌ಗಳಿಗೇನೂ ಬರ ಇಲ್ಲ. ಅವುಗಳ ಕೆಲಸಕ್ಕೆ ಅಷ್ಟೋ ಇಷ್ಟೋ ದುಡ್ಡೂ ಬರುತ್ತೆ. ಸಂಘ ಅನ್ನೋದು ನೆಟ್ಟಗೆ ನಿಂತ್ಕೊಳ್ಳೋಕೆ, ಅಂದ್ರೆ ಲೆಕ್ಕ, ಆಡಿಟ್ಟು, ರಿನ್ಯೂವಲ್ಲು, ಒಂದು ಕಂಪ್ಯೂಟರ್ರು, ಕೆಲಸದೋರಿಗೆ ತರಬೇತಿ, ಇದಕ್ಕೆ ಅಂತ ಗ್ರ್ಯಾಂಟ್ ಕೊಡೋರು ಮಾತ್ರ ದುರ್ಬೀನು ಹಾಕಿ ಹುಡುಕಿದ್ರೂ ಸಿಗಲ್ಲ.

ನಮ್ಮಲ್ಲಿ ಒಬ್ಬ ಹುಡುಗಿ ಲೆಕ್ಕ ನೋಡ್ಕೋತಿದ್ದಳು. ಬಿಕಾಂ ಮಾಡಿದ್ದ ಜಾಣೆ, ಕಂಪ್ಯೂಟರಲ್ಲಿ ಲೆಕ್ಕ ಬರೆಯೋ ಟ್ಯಾಲಿ ಬರ್ತಿತ್ತು. ತಿಂಗಳಿಗೆ 6,000 ಕೊಡ್ತಿದ್ವಿ, ಅದೂ ಕಮಿಟಿಯ ಆರು ಜನ ತಲೆಗೆ ಸಾವಿರದಂತೆ ಹಾಕಿ. ಎರಡು ವರ್ಷ ಆದ್ಮೇಲೆ ಒಂದಿನ ಬಂದು "ಸಾರ್, ಗಾರ್ಮೆಂಟ್ಸ್‌ನಲ್ಲಿ ಸ್ಟೋರ್ ಕೀಪರ್ ಕೆಲ್ಸ ಸಿಕ್ಕೈತೆ, ಪಿಎಫ್ ಕೊಡ್ತಾರೆ, ಹೋಗ್ಲಾ" ಅಂದ್ಲು. ಹೋಗವ್ವ ಅನ್ನದೆ ಇನ್ನೇನು ಹೇಳಲಿ. ಅವಳು ಹೋದ ಮೇಲೆ ಲ್ಯಾಪ್‌ಟಾಪ್‌ನ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ಅವಳಿಗೆ ಫೋನ್ ಮಾಡಿ ಕೇಳಿದ್ವಿ. ಅಂದ್ರೆ ನಮ್ಮ ಸಂಘದ ಎರಡು ವರ್ಷದ ಲೆಕ್ಕ ಒಂದು ಹುಡುಗಿಯ ತಲೆಯೊಳಗೆ ಇತ್ತು.

ಆಮೇಲೆ ಒಂದು ಕಂಪನಿಯ ಸಿಎಸ್‌ಆರ್ ಆಫೀಸರ್, ಅಂದ್ರೆ ಸಮಾಜದ ಕೆಲಸಕ್ಕೆ ಅಂತ ಕಂಪನಿ ಇಡೋ ದುಡ್ಡು ನೋಡ್ಕೊಳ್ಳೋರು ಬಂದ್ರು, ಹೆಸರು ಬೇಡ. ಮಕ್ಕಳ ಜೊತೆ ಚೆನ್ನಾಗೇ ಮಾತಾಡಿದ್ರು, ಟೀ ಕುಡಿದ್ರು. ನಮ್ಮ ಪ್ರಪೋಸಲ್‌ನಲ್ಲಿ ಅಕೌಂಟೆಂಟ್ ಸಂಬಳ ಅಂತ ಒಂದು ಸಾಲು ಇತ್ತು, ಅದರ ಮೇಲೆ ಪೆನ್ನು ಇಟ್ಟು "ಇದು ಅಡ್ಮಿನ್ ಖರ್ಚಲ್ವಾ, ಕಾನೂನಿನ ಪ್ರಕಾರ 5 ಪರ್ಸೆಂಟ್ ಮೇಲೆ ಕೊಡೋ ಹಂಗಿಲ್ಲ" ಅಂತ ಗೀಟು ಹಾಕಿದ್ರು. ನಾನು ತಲೆಯಾಡಿಸಿ ಸುಮ್ನಾದೆ. ಆದ್ರೆ ಬ್ಯಾಂಕಿನ ಚಟ ನೋಡಿ, ಯಾವ ಸರ್ಕ್ಯುಲರ್ರು ಅಂತ ಹುಡುಕದೆ ನಿದ್ದೆ ಬರಲ್ಲ. ಮನೆಗೆ ಬಂದು ಓದಿದ್ರೆ ಏನಿದೆ ಅಂದ್ರೆ, 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, 2021ರ ಜನವರಿಯಲ್ಲಿ ತಿದ್ದಿದ ನಿಯಮದಲ್ಲಿ ಆಡಳಿತ ವೆಚ್ಚ ಶೇ. 5 ಮೀರಬಾರದು ಅಂತ ಇರೋದೇನೋ ನಿಜ, ಆದ್ರೆ ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸೋಕೆ ತಾನೇ ಮಾಡ್ಕೊಳ್ಳೋ ಖರ್ಚಿನ ಮಾತು. ಒಂದು ಯೋಜನೆಯನ್ನ ರೂಪಿಸೋಕೆ, ನಡೆಸೋಕೆ, ಅದರ ಮೇಲೆ ಕಣ್ಣಿಡೋಕೆ ನೇರವಾಗಿ ಆಗೋ ಖರ್ಚು ಆ 5ರೊಳಗೆ ಬರಲ್ಲ ಅಂತ ಅದೇ ನಿಯಮದಲ್ಲಿ ಬಿಡಿಸಿ ಬರೆದಿದ್ದಾರೆ. ಯಜಮಾನ್ರ ಖರ್ಚಿಗೆ ಹಾಕಿದ ಕಡಿವಾಣಾನ ತಂದು ಆಳಿನ ಬಾಯಿಗೆ ಬಿಗಿದಂಗಾಯ್ತು ಇದು.

ಇನ್ನೊಂದು ಬೇಜಾರಿನ ವಿಷಯ ಏನಂದ್ರೆ 2014ರ ಮೂಲ ನಿಯಮದಲ್ಲಿ ಕಂಪನಿಗಳು ತಮ್ಮ ಸಿಬ್ಬಂದಿಯ ಜೊತೆಗೆ ಕೆಲಸ ಮಾಡೋ ಸಂಸ್ಥೆಗಳ ಸಾಮರ್ಥ್ಯವನ್ನೂ ಹೆಚ್ಚಿಸಬಹುದು ಅಂತ ಬಾಯಿಬಿಟ್ಟು ಹೇಳಿತ್ತು, ಅದಕ್ಕೂ ಶೇ. 5ರ ಮಿತಿ ಇತ್ತು, ಇರಲಿ, ಕೊನೇಪಕ್ಷ ಆ ಮಾತಾದ್ರೂ ಇತ್ತು. 2021ರ ತಿದ್ದುಪಡಿಯಲ್ಲಿ ಸಾಮರ್ಥ್ಯ ಹೆಚ್ಚಿಸೋ ಮಾತು ಕಂಪನಿಯ ಸ್ವಂತ ಸಿಬ್ಬಂದಿಗೆ ಮಾತ್ರ ಉಳೀತು, ಸಂಸ್ಥೆಗಳ ಹೆಸರು ಮೆಲ್ಲಗೆ ಜಾರಿಹೋಯ್ತು. ಅದೇ ವರ್ಷದ ಏಪ್ರಿಲ್‌ನಿಂದ ಸಿಎಸ್‌ಆರ್ ದುಡ್ಡು ಬೇಕು ಅನ್ನೋ ಸಂಘ ಸಿಎಸ್‌ಆರ್-1 ಫಾರ್ಮ್ ತುಂಬಿ ನಂಬರ್ ತಗೋಬೇಕು ಅಂತ ಆಯ್ತು, ಅದಕ್ಕೆ ಡಿಜಿಟಲ್ ಸಹಿ ಬೇಕು, ಸಿಎ ಸಹಿ ಬೇಕು, ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡೋ 12ಎ ಬೇಕು, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸೋ 80ಜಿ ಬೇಕು. ಕೇಳೋದು ಜಾಸ್ತಿ ಆಯ್ತು, ಕಲಿಸೋದು ನಿಂತೋಯ್ತು.

ವಿದೇಶಿ ದುಡ್ಡಿನ ಕಥೆ ನಮ್ಮಂಥೋರಿಗೆ ದೂರದ್ದು, ಆದ್ರೂ ಒಂದು ಮಾತು. ಮೊದ್ಲು ದೊಡ್ಡ ಸಂಸ್ಥೆಗಳು ಹೊರಗಿಂದ ಬಂದ ದೇಣಿಗೇಲಿ ಒಂದು ಪಾಲನ್ನ ನೋಂದಣಿ ಇರೋ ಸಣ್ಣ ಸಂಸ್ಥೆಗಳಿಗೆ ದಾಟಿಸಿ, ಜೊತೆಗೆ ಲೆಕ್ಕಪತ್ರ ಹೆಂಗೆ ಅಂತಾನೂ ಹೇಳಿಕೊಡೋರು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎ ತಿದ್ದಿ ಹಂಗೆ ದಾಟಿಸೋದನ್ನೇ ನಿಲ್ಲಿಸಿದ್ರು, ಆಡಳಿತ ವೆಚ್ಚದ ಮಿತಿಯನ್ನೂ ಶೇ. 50ರಿಂದ 20ಕ್ಕೆ ಇಳಿಸಿದ್ರು. ದುರುಪಯೋಗ ಇತ್ತು ಅಂತಾರೆ, ಇದ್ದಿರಬಹುದು. ನೆಗಡಿ ಅಂತ ಮೂಗು ಕೊಯ್ಕೊಂಡ್ರೆ ಹೆಂಗೆ ಅಂತ ನನ್ನ ಪ್ರಶ್ನೆ.

12ಎ, 80ಜಿ ಅಂದ್ನಲ್ಲ, ಅದರ ಪಾಡು ಕೇಳಿ. ನಮ್ಮ ಸಂಘದ 12ಎ ಪತ್ರಕ್ಕೆ ಫ್ರೇಮ್ ಹಾಕಿಸಿ ಗಾಂಧೀಜಿ ಫೋಟೋ ಪಕ್ಕ ನೇತು ಹಾಕಿದ್ರು, ಒಂದ್ಸಲ ತಗೊಂಡ್ರೆ ಜನ್ಮಪೂರ್ತಿ ಅಂತ. 2021ರಲ್ಲಿ ಎಲ್ರೂ ಹೊಸದಾಗಿ ಅರ್ಜಿ ಹಾಕಿ, ಇನ್ಮೇಲೆ ಐದೈದು ವರ್ಷಕ್ಕೆ ಮಾತ್ರ ಅಂತ ಆಯ್ತು. ಗೋಡೆ ಮೇಲೆ ಪತ್ರ ನೋಡ್ಕೊಂಡು ಎಲ್ಲಾ ನಿಶ್ಚಿಂತೆಯಿಂದ ಇದ್ರು. ಗಡುವು ಮುಗಿಯೋಕೆ ಇನ್ನು ನಾಕೇ ದಿನ ಅನ್ನೋವಾಗ ಯಾರದ್ದೋ ಮದುವೆ ಊಟದಲ್ಲಿ ಪಕ್ಕದ ಎಲೆಯೋರು ಮಾತಿಗೆ ಹೇಳಿ ಗೊತ್ತಾಯ್ತು. ಪಾಯಸ ಬಿಟ್ಟು ಎದ್ದು ಓಡಿದ್ದು. ನಮ್ಮ ಪುಣ್ಯ, ಆಯ್ತು. ಪಕ್ಕದ ತಾಲೂಕಿನ ಒಂದು ಸಂಘಕ್ಕೆ ಆ ಊಟದ ಭಾಗ್ಯ ಇರಲಿಲ್ಲ, ಅವರು ವರ್ಷಗಟ್ಟಲೆ ಅಲೆದ್ರು. ಮದ್ದೂರಿನ ವೃದ್ಧಾಶ್ರಮಕ್ಕೋ ಪಾಂಡವಪುರದ ಮಹಿಳಾ ಸಂಘಕ್ಕೋ ಇಂಥ ಸುದ್ದಿ ಮದುವೆ ಊಟದಲ್ಲಿ ತಿಳೀಬೇಕಾ ಹೇಳಿ. ಈಗ ಸಣ್ಣ ಟ್ರಸ್ಟ್‌ಗಳಿಗೆ ಹತ್ತು ವರ್ಷ ಮಾಡ್ತೀವಿ ಅಂತ 2025ರ ಬಜೆಟ್‌ನಲ್ಲಿ ತಂದಿದ್ದಾರೆ, ಅದು ಒಳ್ಳೇದಾಯ್ತು.

ಸಂಘ ಗಟ್ಟಿ ಮಾಡೋಕೆ ಯಾರಾದ್ರೂ ದುಡ್ಡು ಕೊಡ್ತಾರೇನ್ರಿ ಅಂತ ನಮ್ಮ ಅಧ್ಯಕ್ಷರು ನನ್ನನ್ನೇ ಆಡಿಕೊಳ್ತಾರೆ. ಕೊಟ್ಟಿದ್ದಾರೆ ಸ್ವಾಮಿ, ಅದೂ ನಮ್ಮ ಮೈಸೂರಿನ ಹೆಸರಿಟ್ಕೊಂಡ ಸಂಸ್ಥೆಗೇ. ಮೈರಾಡ ಅಂತ ಇದೆ, ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, 1968ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಾಣಿಸೋಕೆ ಶುರುವಾಗಿದ್ದು. 80ರ ದಶಕದಲ್ಲಿ ಮೈರಾಡ ಕೆಲಸ ಮಾಡ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, ಒಬ್ರಿಗೊಬ್ರು ನಂಬಿಕೆ ಇರೋರು ಹದಿನೈದು ಇಪ್ಪತ್ತು ಜನ ಸೇರ್ಕೊಂಡು ತಾವೇ ಉಳಿತಾಯ, ಸಾಲ ಅಂತ ಮಾಡ್ಕೊಳ್ಳೋಕೆ ಶುರು ಮಾಡಿದ್ರು. 1987ರಲ್ಲಿ ನಬಾರ್ಡ್, ಅಂದ್ರೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ಈ ಗುಂಪುಗಳನ್ನ ಗಟ್ಟಿ ಮಾಡೋದಕ್ಕೇ ಅಂತ ಮೈರಾಡಗೆ 10 ಲಕ್ಷ ರೂಪಾಯಿ ಗ್ರ್ಯಾಂಟ್ ಕೊಡ್ತು. ಹಸು ಕೊಳ್ಳೋಕಲ್ಲ, ಬಾವಿ ತೋಡೋಕಲ್ಲ, ಸಂಘ ಅನ್ನೋದನ್ನ ನಡೆಸೋದು ಹೆಂಗೆ ಅಂತ ಕಲಿಯೋಕೆ. ಐದು ವರ್ಷ ಬಿಟ್ಟು 1992ರಲ್ಲಿ ನಬಾರ್ಡ್ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಮಾಡ್ತು, ಇವತ್ತು ದೇಶದ ಮೂಲೆಮೂಲೇಲಿ ಇರೋ ಸ್ವಸಹಾಯ ಸಂಘಗಳ ಕಥೆಯ ಮೊದಲ ಅಧ್ಯಾಯ ಅದೇ.

ನಾನು ಆಗ ಹಳ್ಳಿ ಬ್ರಾಂಚಲ್ಲಿದ್ದೆ. ಸಂಘದ ಹೆಂಗಸರು ಮೂರು ಜನ ಬರೋರು, ಸೆರಗಿನ ಗಂಟಲ್ಲಿ ದುಡ್ಡು, ಕಂಕುಳಲ್ಲಿ ನಿರ್ಣಯ ಪುಸ್ತಕ. ನಮ್ಮ ಮ್ಯಾನೇಜರ್ರು ಮೊದಮೊದ್ಲು ಮೂಗು ಮುರಿದ್ರು. ಒಂದಿನ ನಾನು ಕೂಡಿದ ಲೆಕ್ಕಕ್ಕೂ ಅವರ ಪುಸ್ತಕಕ್ಕೂ 12 ರೂಪಾಯಿ ವ್ಯತ್ಯಾಸ ಬಂತು, ಒಬ್ಬಾಕೆ ಕೌಂಟರ್ ಮುಂದೆ ನಿಂತು "ನೀವೇ ಇನ್ನೊಂದ್ ಕಿತ ಕೂಡ್ಕಳಿ ಸಾ" ಅಂದ್ರು. ಕೂಡಿದೆ. ತಪ್ಪು ನನ್ನದೇ. ಆಕೆಗೆ ಆ ಧೈರ್ಯ ಬಂದಿದ್ದು ಯಾರೋ ಒಬ್ರು ಜಗಲಿ ಮೇಲೆ ಕೂತು ವಾರ ವಾರ ಲೆಕ್ಕ ಕಲಿಸಿದ್ರಿಂದ, ಆ ಕಲಿಸೋರ ಸಂಬಳ, ಬಸ್ ಚಾರ್ಜು ಯಾವುದೋ ಗ್ರ್ಯಾಂಟಿನಿಂದ ಬಂದಿದ್ರಿಂದ.

ನಮ್ಮ ಕಡೆ ತಪ್ಪಿಲ್ವಾ ಅಂದ್ರೆ, ಐತೆ, ಬೇಕಾದಷ್ಟೈತೆ. ಲೆಟರ್‌ಹೆಡ್ಡು ಸೀಲು ಬಿಟ್ರೆ ಇನ್ನೇನೂ ಇಲ್ಲದ ಸಂಘಗಳು ನಮ್ಮ ಜಿಲ್ಲೇಲೇ ಎಷ್ಟಿಲ್ಲ. ಇಪ್ಪತ್ತು ವರ್ಷದಿಂದ ಒಬ್ರೇ ಅಧ್ಯಕ್ಷರು, ಹೆಂಡ್ತಿ ಕಾರ್ಯದರ್ಶಿ, ಬಾಮೈದ ಖಜಾಂಚಿ, ವಾರ್ಷಿಕ ಸಭೆ ಅಂದ್ರೆ ಮಿನಿಟ್ಸ್ ಬುಕ್ಕು ಸ್ಕೂಟರ್ ಮೇಲೆ ಮನೆಮನೆಗೆ ಹೋಗಿ ಸಹಿ ಹಾಕಿಸ್ಕೊಂಡು ಬರೋದು. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ವರ್ಷ ವರ್ಷ ಪಟ್ಟಿ, ಲೆಕ್ಕ ರಿಜಿಸ್ಟ್ರಾರ್‌ಗೆ ಕೊಡಬೇಕು, ಐದಾರು ವರ್ಷದ್ದು ಒಟ್ಟಿಗೆ ದಂಡ ಕಟ್ಟಿ ಕೊಡೋರೇ ಜಾಸ್ತಿ, ನಮ್ಮ ಸಂಘವೂ ಒಂದ್ಸಲ ಹಂಗೇ ಮಾಡಿದೆ, ಯಾಕೆ ಮುಚ್ಚಿಡಲಿ. ಅದಕ್ಕೇ ದಾನಿಗಳಿಗೆ ಅನುಮಾನ, ಸಹಜ. ಆದ್ರೆ ಲೆಕ್ಕ ಸರಿ ಇಲ್ಲ ಅಂತ ದುಡ್ಡು ಕೊಡಲ್ಲ, ಲೆಕ್ಕ ಸರಿ ಮಾಡ್ಕೊಳ್ಳೋಕೂ ದುಡ್ಡು ಕೊಡಲ್ಲ ಅಂದ್ರೆ ಈ ಗಂಟು ಯಾವ ಕಡೆಯಿಂದ ಬಿಚ್ಚೋದು.

ನನ್ನ ತಲೇಲಿರೋದು ದೊಡ್ಡ ಯೋಜನೆ ಏನಲ್ಲ. ಒಂದು ಸಂಘಕ್ಕೆ ಒಬ್ಬ ಅಕೌಂಟೆಂಟ್ ಬೇಡ, ದಂಡ. ಸಂತೆ ವ್ಯಾಪಾರಿ ಹೆಂಗೆ ಸೋಮವಾರ ಒಂದೂರು, ಮಂಗಳವಾರ ಇನ್ನೊಂದೂರು ಅಂತ ಹೋಗ್ತಾನೋ ಹಂಗೆ ಐದು ಸಂಘಕ್ಕೆ ಒಬ್ಬ ಹುಡುಗನೋ ಹುಡುಗೀನೋ, ವಾರಕ್ಕೊಂದು ದಿನ ಬಂದು ವೋಚರ್ ಜೋಡಿಸಿ, ಟ್ಯಾಲಿಗೆ ಏರಿಸಿ, ಯಾವ ತಾರೀಖಿಗೆ ಏನು ಕಟ್ಟಬೇಕು ಅಂತ ಗೋಡೆ ಕ್ಯಾಲೆಂಡರ್ ಮೇಲೆ ಕೆಂಪು ಇಂಕಲ್ಲಿ ಗುರುತು ಹಾಕಿ ಹೋಗಲಿ. ಪಿಎಫ್ ಸಮೇತ ಮರ್ಯಾದೆಯ ಸಂಬಳ ಕೊಡಿ, ಮೂರು ವರ್ಷಕ್ಕೆ ಕೊಡಿ, ಒಂದೇ ವರ್ಷಕ್ಕೆ ಕೊಟ್ರೆ ಮತ್ತೆ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ತೂಬಿನಕೆರೆ, ಸೋಮನಹಳ್ಳಿ, ಹೆಬ್ಬಾಳ, ನಂಜನಗೂಡು ಕೈಗಾರಿಕಾ ಪ್ರದೇಶದ ಕಂಪನಿಗಳಲ್ಲಿ ನಾಲ್ಕು ಜನ ಸೇರಿದ್ರೂ ಆಗೋ ಖರ್ಚು ಇದು, ಯೋಜನೆಯ ಖರ್ಚಿನೊಳಗೇ ಸೇರಿಸಿ ಬರೆಯಲಿ, ಕಾನೂನು ಅಡ್ಡ ಬರಲ್ಲ. ಮೈಸೂರಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ, ಗ್ರಾಮ ಪಂಚಾಯ್ತಿ ಸದಸ್ಯರಿಗೆಲ್ಲ ತರಬೇತಿ ಕೊಡುತ್ತೆ, ಅಲ್ಲಿ ವರ್ಷಕ್ಕೆ ನಾಲ್ಕು ಶನಿವಾರ ನಮ್ಮಂಥ ಖಜಾಂಚಿಗಳನ್ನ ಕೂರಿಸಿ ಪಾಠ ಮಾಡೋಕೆ ಜಿಲ್ಲಾಡಳಿತ ಮನಸ್ಸು ಮಾಡಿದ್ರೆ ಸಾಕು. ಹಳೇ ಬ್ಯಾಂಕಿನೋರು ನಾವು ನಾಲ್ಕೈದು ಜನ ಬಿಟ್ಟಿಯಾಗಿ ಬಂದು ಹೇಳಿಕೊಡ್ತೀವಿ, ಬಸ್ ಚಾರ್ಜು ಕೂಡ ಬೇಡ, ಮಧ್ಯಾಹ್ನ ಮುದ್ದೆ ಬಸ್ಸಾರು ಇದ್ರೆ ಸರಿ. ಬರೋ ಖಜಾಂಚಿಗಳು ತಂತಮ್ಮ ಬಿಸ್ಕೆಟ್ ಡಬ್ಬಿ ಹಿಡ್ಕೊಂಡು ಬರಲಿ.

ಕಂಪನಿಯೋರಿಗೆ ಬೋರ್ಡ್ ಬೇಕೇ ಬೇಕು ಅಂದ್ರೆ ಕ್ಯಾಶ್‌ಬುಕ್ ರಟ್ಟಿನ ಮೇಲೆ ಅವರ ಹೆಸರು ಬರೆಸ್ತೀನಿ. ಫ್ಯಾನಿನ ರೆಕ್ಕೆ ಮೇಲೇ ದಾನಿಗಳ ಹೆಸರು ಬರೆಸೋ ಜನ ನಾವು, ಇದೇನು ಮಹಾ.

ಇಲ್ಲಿಗೆ ನಿಲ್ಲಿಸ್ತೀನಿ. ಮೇ 31ರೊಳಗೆ ದಾನಿಗಳ ಪಟ್ಟಿಯನ್ನ ಆದಾಯ ತೆರಿಗೆ ಇಲಾಖೆಗೆ 10ಬಿಡಿ ಅನ್ನೋ ಫಾರ್ಮ್‌ನಲ್ಲಿ ಹಾಕಬೇಕು, ತಡ ಆದ್ರೆ ದಿನಕ್ಕೆ 200 ರೂಪಾಯಿ ದಂಡ. ಒಬ್ಬ ದಾನಿ ತಮ್ಮ ತಾಯಿ ಹೆಸರಲ್ಲಿ ಐದು ಸಾವಿರ ಕೊಟ್ಟು ಪ್ಯಾನ್ ನಂಬರ್ ಕೊಡದೆ ಹೋಗಿದ್ದಾರೆ, ಫೋನ್ ಎತ್ತುತ್ತಿಲ್ಲ, ಸಂಜೆ ಅವರ ಮನೆ ಹತ್ರಕ್ಕೇ ಹೋಗಿ ಬರಬೇಕು.

ಇಂತಿ,
ಸಣ್ಣ ಸಂಘವೊಂದರ ಖಜಾಂಚಿ,
ಮಂಡ್ಯ