ಪುಟ್ಟುವಿನ ಸ್ಕ್ಯಾನ್ ವಿಷಯ

ಲೀಡ್ಸ್, ಭಾನುವಾರ ರಾತ್ರಿ

ಅಮ್ಮಾ,

ಫೋನಲ್ಲಿ ನೀನು ಅತ್ತಾಗ ನನಗೂ ಮಾತು ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟುಗೂ ಓದಿ ಹೇಳು.

"ರಕ್ತನಾಳ ಸರಿಯಿಲ್ಲ, ಕಸಿ ಆಗಲ್ಲ" ಅಂತ ಡಾಕ್ಟರು ಎರಡೇ ಮಾತಲ್ಲಿ ಹೇಳಿ ಕಳಿಸಿದ್ದು ನನಗೆ ತುಂಬಾ ಬೇಜಾರಾಯಿತು. ಪುಟ್ಟುಗೆ ಕಿಡ್ನಿ ಕೊಡೋಕೆ ನೀನು ರೆಡಿ ಇದ್ದೀಯ. ಯಾವ ರಕ್ತನಾಳ, ಎಲ್ಲಿವರೆಗೆ ಕಟ್ಟಿದೆ ಅಂತಾದರೂ ಹೇಳಬೇಕಿತ್ತು ಅಲ್ವಾ?

ಹೊಸ ಕಿಡ್ನಿಯನ್ನು ಸಾಮಾನ್ಯವಾಗಿ ಹಳೇದರ ಜಾಗದಲ್ಲಿ ಇಡುವುದಿಲ್ಲ. ಕೆಳಹೊಟ್ಟೆಯಲ್ಲಿ, ಸೊಂಟದ ಮೂಳೆ ಪಕ್ಕ ಇಟ್ಟು, ಕಾಲಿನ ಕಡೆ ಹೋಗಿ ಬರುವ ದೊಡ್ಡ ರಕ್ತನಾಳಗಳಿಗೆ ಜೋಡಿಸುತ್ತಾರೆ. ಪುಟ್ಟುಗೆ ರಕ್ತ ವಾಪಸ್ ಹೋಗುವ ವೇನ್ ಕಟ್ಟಿರಬೇಕು ಅನ್ನಿಸುತ್ತದೆ. ಮೊದಮೊದಲು ಡಯಾಲಿಸಿಸ್‌ಗೆ ತೊಡೆಸಂದಿಯ ವೇನಿಗೆ ಪದೇ ಪದೇ ಲೈನ್, ಅಂದರೆ ಕೊಳವೆ, ಹಾಕಿದ್ದರಲ್ಲ, ಅದರಿಂದಲೇ ರಕ್ತ ಹೆಪ್ಪುಗಟ್ಟಿರಬಹುದು. ರಕ್ತ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಹೊಸ ಕಿಡ್ನಿ ಊದಿಕೊಂಡು ಹಾಳಾಗುತ್ತದೆ. ಡಾಕ್ಟರ ಭಯ ಸುಳ್ಳಲ್ಲ.

ಆದರೆ ನಮ್ಮ ಗದ್ದೆ ಕಾಲುವೆ ಮುಚ್ಚಿಹೋದಾಗ ನೀರು ಬದು ಕೊರೆದುಕೊಂಡು ಹೋಗುತ್ತಿತ್ತಲ್ಲ, ದೇಹವೂ ಹಾಗೇ ಅಮ್ಮಾ. ದೊಡ್ಡ ವೇನ್ ಕಟ್ಟಿದರೆ ಬೆನ್ನುಮೂಳೆ ಹತ್ತಿರದ ಸಣ್ಣ ವೇನ್‌ಗಳು ನಿಧಾನಕ್ಕೆ ದಪ್ಪವಾಗಿ ರಕ್ತವನ್ನು ಹೃದಯಕ್ಕೆ ತಲುಪಿಸುತ್ತವೆ. ಅಂಥ ದಪ್ಪ ವೇನಿಗೇ ಕಿಡ್ನಿ ಜೋಡಿಸಿದ್ದಿದೆ. ಎಡಗಡೆಯ ಹಳೆ ಕಿಡ್ನಿ ತೆಗೆದು, ಅದರ ವೇನಿಗೆ ಹೊಸದನ್ನು ಜೋಡಿಸಿದ್ದೂ ಇದೆ.

ಹೋದ ತಿಂಗಳು ನಮ್ಮ ಆಪರೇಷನ್ ಥಿಯೇಟರಿನಲ್ಲಿ ಅಂಥದ್ದೇ ಒಂದು ಕೇಸ್, ನಾನು ಪಕ್ಕದಲ್ಲೇ ನಿಂತಿದ್ದೆ. ಐಸಿನಿಂದ ತೆಗೆದ ಕಿಡ್ನಿ ಬೂದು ಬಣ್ಣಕ್ಕಿತ್ತು. ಹೊಲಿಗೆ ಮುಗಿಸಿ, ರಕ್ತ ತಡೆಹಿಡಿದಿದ್ದ ಕ್ಲಾಂಪ್ ಬಿಟ್ಟರು ನೋಡು, ಕಣ್ಣೆದುರಿಗೇ ಗುಲಾಬಿ ಬಣ್ಣ ಏರಿತು, ಸ್ವಲ್ಪ ಹೊತ್ತಿಗೆ ಒಂದು ಹನಿ ಮೂತ್ರ. ಆಗ ನನಗೆ ನೆನಪಾದದ್ದು ಪುಟ್ಟು.

ಪುಟ್ಟುಗೂ ಆಗೇ ಆಗುತ್ತದೆ ಅಂತ ನಾನು ಹೇಳಲಾರೆ. ಸ್ಕ್ಯಾನ್ ನೋಡದೆ ಯಾರೂ ಹೇಳಬಾರದು. ಸಿಟಿ ವೆನೋಗ್ರಾಮ್, ಅಂದರೆ ವೇನ್‌ಗಳನ್ನು ತೋರಿಸುವ ಸ್ಕ್ಯಾನ್, ಮಾಡಿಸಿದ್ದಾರಾ ಕೇಳು. ಇಲ್ಲದಿದ್ದರೆ ಮಾಡಿಸಿ, ಬರೀ ರಿಪೋರ್ಟ್ ಹಾಳೆಯಲ್ಲ, ಸಿಡಿಯನ್ನೇ ತೆಗೆದುಕೊಂಡು ಇಂಥ ಕೇಸ್ ಮಾಡಿದ ಅನುಭವ ಇರುವ ಬೇರೆ ಕಸಿ ಸರ್ಜನ್‌ಗೆ ತೋರಿಸಿ. ನಿನ್ನ ಸ್ಕ್ಯಾನೂ ಜೊತೆಗಿರಲಿ. ಎಡ ಕಿಡ್ನಿಯ ವೇನ್ ಉದ್ದ ಇರುವುದರಿಂದ ಸಾಮಾನ್ಯವಾಗಿ ಅದನ್ನೇ ಕೇಳುತ್ತಾರೆ.

ಇನ್ನೊಂದು. ಮತ್ತೆ ತೊಡೆಯಲ್ಲಿ ಲೈನ್ ಹಾಕೋಕೆ ಬಂದರೆ ಸುಮ್ನೆ ಒಪ್ಪಬೇಡ. ಕೈಯಲ್ಲಿ ಡಯಾಲಿಸಿಸ್‌ಗೆ ಅಂತಲೇ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾ ಇದೆಯಲ್ಲ, ಇದು ಯಾಕೆ ಬೇಕು ಅಂತ ಕೇಳು. ಇನ್ನೂ ತೆರೆದಿರುವ ವೇನ್‌ಗಳನ್ನಾದರೂ ಉಳಿಸಿಕೊಳ್ಳಬೇಕು.

ಶನಿವಾರ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಸಿಡಿ ಕೈಗೆ ಬಂದಿರಲಿ.

ಇಂತಿ ನಿನ್ನ ಮಗಳು