ಕೊರಿಯನ್ ಬಿಲ್ಲಿನ ‘ಆರಂಭಿಕರ ಸೆಟ್’ನಲ್ಲಿರುವ ಅಪಾಯಕಾರಿ ದೋಷಗಳ ಬಗ್ಗೆ ದೂರು

ಗೆ,
ಗ್ರಾಹಕ ಕುಂದುಕೊರತೆ ಅಧಿಕಾರಿಗಳು,
ಕ್ರೀಡಾ ಸಾಮಗ್ರಿ ಆನ್‌ಲೈನ್ ಮಾರಾಟ ಸಂಸ್ಥೆ,
ಬೆಂಗಳೂರು

ವಿಷಯ: ಸೆಟ್‌ನಲ್ಲಿರುವ ಹೆಬ್ಬೆರಳ ಉಂಗುರ, ಬಾಣಗಳು ಮತ್ತು ಕನ್ನಡ ಕೈಪಿಡಿಯ ದೋಷಗಳು, ಹಣ ವಾಪಸಾತಿ ಹಾಗೂ ಮಾರಾಟ ನಿಲ್ಲಿಸುವ ಕುರಿತು.

ಮಾನ್ಯರೇ,

ಹೊಸದಾಗಿ ಬಿಲ್ಲು ಹಿಡಿಯುವವರಿಗೆ ಅಭ್ಯಾಸ ಹೇಳಿಕೊಡುವ ನಮ್ಮ ಗುಂಪಿಗಾಗಿ ನಿಮ್ಮಿಂದ ಮೂರು ಸೆಟ್ ತರಿಸಿಕೊಂಡಿದ್ದೇವೆ. ರಸೀದಿ, ಫೋಟೊಗಳನ್ನು ಲಗತ್ತಿಸಿದ್ದೇವೆ. ಮೊದಲೇ ಹೇಳಿಬಿಡುತ್ತೇವೆ, ಬಿಲ್ಲಿನ ಗುಣಮಟ್ಟದ ಬಗ್ಗೆ ನಮ್ಮ ತಕರಾರಿಲ್ಲ. ಫೈಬರ್‌ಗ್ಲಾಸ್ ಪದರದ ಬಿಲ್ಲು, ಅದರ ತೋಳುಗಳು, ಅಂದರೆ ಹಿಡಿಯ ಮೇಲೂ ಕೆಳಗೂ ಬಾಗುವ ಭಾಗಗಳು, ತಿರುಚಿಲ್ಲ, ಹೆದೆ ಏರಿಸಿದಾಗ ಎರಡೂ ತುದಿಯ ತೊಗಲಿನ ದಿಂಬುಗಳ ನಡುಮಧ್ಯಕ್ಕೇ ಬಂದು ಕೂರುತ್ತದೆ. ಇಷ್ಟು ಒಳ್ಳೆಯ ಬಿಲ್ಲಿನ ಜೊತೆ ನೀವು ಇಟ್ಟು ಕಳಿಸಿದ ಸಾಮಾನು ಮತ್ತು ಸೂಚನೆಗಳೇ ನಮ್ಮನ್ನು ಕಂಗಾಲು ಮಾಡಿವೆ. ಗೊತ್ತಿಲ್ಲದವರೊಬ್ಬರು ಕೈಪಿಡಿಯನ್ನು ನಂಬಿ ಅದರಂತೆಯೇ ನಡೆದರೆ ಬಿಲ್ಲು ಮುರಿಯುತ್ತದೆ, ಇಲ್ಲವೇ ಕೈಗೆ ಗಾಯವಾಗುತ್ತದೆ.

ಮೊದಲು ಉಂಗುರ. ಹೆದೆ ಎಳೆಯುವ ಹೆಬ್ಬೆರಳಿಗೆ ತೊಡುವ, ಕೊರಿಯಾದಲ್ಲಿ ಕಾಕ್ಜಿ ಎಂದು ಕರೆಯುವ ಈ ಉಂಗುರದ ತೂತು ದುಂಡಗಿರುವುದಿಲ್ಲ, ಮೊಟ್ಟೆಯಾಕಾರದಲ್ಲಿರುತ್ತದೆ. ಅದಕ್ಕೆ ಕಾರಣವಿದೆ. ನಾಲಿಗೆಯಂತೆ ಚಾಚಿದ ಭಾಗವನ್ನು ಪಕ್ಕಕ್ಕೆ ತಿರುಗಿಸಿ ಹಿಡಿದು ಉಂಗುರವನ್ನು ಹೆಬ್ಬೆರಳಿನ ಗಂಟಿನಿಂದ ಆಚೆ ದಾಟಿಸಬೇಕು. ಆಗ ತೂತಿನ ಉದ್ದನೆಯ ಬದಿ ಗಂಟಿನ ಅಗಲಕ್ಕೆ ಹೊಂದಿಕೊಂಡಿರುತ್ತದೆ. ದಾಟಿದ ಮೇಲೆ ಕಾಲು ಸುತ್ತು ತಿರುಗಿಸಿ ನಾಲಿಗೆಯನ್ನು ಹೆಬ್ಬೆರಳಿನ ಮೆತ್ತನೆಯ ಬದಿಗೆ ತರಬೇಕು. ಈಗ ತೂತಿನ ಕಿರಿದಾದ ಬದಿ ಗಂಟಿಗೆ ಅಡ್ಡ ಬರುವುದರಿಂದ ಎಷ್ಟು ಎಳೆದರೂ ಉಂಗುರ ಕಳಚಿ ಬರುವುದಿಲ್ಲ. ನಿಮ್ಮ ಸೆಟ್‌ನಲ್ಲಿರುವುದು ದುಂಡು ತೂತಿನ ಲೋಹದ ಉಂಗುರ, ಅದೂ ಎಲ್ಲರಿಗೂ ಒಂದೇ ಅಳತೆ. ದುಂಡು ತೂತು ಗಂಟನ್ನು ದಾಟಬೇಕಾದರೆ ಗಂಟಿನಷ್ಟೇ ಅಗಲ ಇರಲೇಬೇಕು. ಗಂಟಿನ ಹಿಂದೆ ಬೆರಳು ತೆಳು, ಅಲ್ಲಿ ಉಂಗುರ ಗಿರ್ರನೆ ತಿರುಗುತ್ತದೆ. ಪೂರ್ತಿ ಎಳೆದ ಹೊತ್ತಿನಲ್ಲಿ ನಾಲಿಗೆ ಪಕ್ಕಕ್ಕೆ ಸರಿದರೆ ಹೆದೆಯ ಭಾರವೆಲ್ಲ ಬರಿ ಚರ್ಮದ ಮೇಲೆ ಬೀಳುತ್ತದೆ. ನೋವಿಗೆ ಬೆರಳು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ, ಬಾಣ ಎಲ್ಲಿಗೋ ಹೋಗುತ್ತದೆ. ತುಸು ಸಡಿಲವಾದ ಮೊಟ್ಟೆಯಾಕಾರದ ಉಂಗುರಕ್ಕೆ ಒಳಗೆ ತೆಳು ತೊಗಲು ಅಂಟಿಸಿ ಸರಿಮಾಡಿಕೊಳ್ಳಬಹುದು. ದುಂಡು ಉಂಗುರಕ್ಕೆ ಆ ಉಪಾಯವೂ ನಡೆಯದು. ತೊಗಲು ಅಂಟಿಸಿದರೆ ಅದು ಗಂಟನ್ನೇ ದಾಟುವುದಿಲ್ಲ.

ಉಂಗುರದ ನಾಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಅಚ್ಚಿನ ಎರಡು ಹೋಳು ಸೇರಿದ ಗೆರೆ ಅಂಚಿನವರೆಗೂ ಎದ್ದು ಕಾಣುತ್ತದೆ, ಉಗುರು ಎಳೆದರೆ ತಡೆಯುತ್ತದೆ. ಹೆದೆ ಪ್ರತಿ ಸಲ ಜಾರಿ ಹೊರಡುವುದು ಇದೇ ಅಂಚಿನ ಮೇಲಿಂದ. ಹೆದೆಯ ನಡುವೆ ಸುತ್ತಿರುವ ದಾರ ಕೆಲವೇ ಬಾಣಗಳಲ್ಲಿ ನಾರುನಾರಾಗಿ ಎದ್ದಿತು. ಸಾವಿರ ಗ್ರಿಟ್ ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡುವ ಕೆಲಸ ಕಾರ್ಖಾನೆಯದು, ಕೊಂಡವರದಲ್ಲ.

ಉಂಗುರ ಹೊಂದುತ್ತಿಲ್ಲ ಎಂದು ಸಹಾಯವಾಣಿಗೆ ಹೇಳಿದಾಗ ಸಿಕ್ಕ ಉತ್ತರ: ‘ಉಂಗುರ ಬಿಡಿ, ಮೂರು ಬೆರಳಿನ ಟ್ಯಾಬ್ ಹಾಕಿಕೊಂಡು ಎಳೆಯಿರಿ.’ ಟ್ಯಾಬ್ ಎಂದರೆ ಹೆದೆ ಎಳೆಯುವ ಬೆರಳುಗಳನ್ನು ಕಾಯುವ ತೊಗಲಿನ ತುಂಡು. ಈ ಸಲಹೆಯನ್ನು ದಯವಿಟ್ಟು ಇನ್ನಾರಿಗೂ ಕೊಡಬೇಡಿ. ಬಲಗೈಯಲ್ಲಿ ಎಳೆಯುವವರಿಗೆ ಕೊರಿಯನ್ ಬಿಲ್ಲಿನಲ್ಲಿ ಬಾಣ ಕೂರುವುದು ಬಿಲ್ಲಿನ ಬಲಬದಿಗೆ. ಹೆಬ್ಬೆರಳು ಹೆದೆಗೆ ಕೊಕ್ಕೆಯಾಗಿ, ತೋರುಬೆರಳು ಉಗುರಿನ ಮೇಲೆ ಮುಚ್ಚಿ, ಬೇಕಿದ್ದರೆ ನಡುಬೆರಳೂ ಜೊತೆ ಸೇರಿ ಎಳೆದಾಗ ಕೈ ತುಸು ಒಳಕ್ಕೆ ತಿರುಗುತ್ತದೆ. ತೋರುಬೆರಳಿನ ಬುಡ ಬಾಣವನ್ನು ಬಿಲ್ಲಿಗೆ ಒತ್ತಿ ಹಿಡಿಯುತ್ತದೆ. ಬಾಣ ಬೀಳದಿರುವುದು ಆ ಒತ್ತಿನಿಂದಲೇ. ಮೂರು ಬೆರಳಲ್ಲಿ ಎಳೆದರೆ ಹೆದೆ ತಿರುಗುವ ದಿಕ್ಕು ಉಲ್ಟಾ, ಬಾಣ ಬಿಲ್ಲಿನಿಂದ ದೂರ ಸರಿದು ಬಲಕ್ಕೆ ಬಿದ್ದುಹೋಗುತ್ತದೆ. ಒಲಿಂಪಿಕ್ ಬಿಲ್ಲಿನ ಪದ್ಧತಿಯನ್ನು ತಂದು ಇದಕ್ಕೆ ಅಂಟಿಸಲಾಗದು.

ಇನ್ನು ಬಾಣಗಳು. ಇದು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೀಡುಮಾಡಿದ ವಿಷಯ. ಸೆಟ್‌ನಲ್ಲಿ ಬಂದ ಬಾಣಗಳ ಉದ್ದ 28 ಇಂಚು. ಹೆದೆಯನ್ನು ಗದ್ದದವರೆಗೆ ಎಳೆಯುವ ಒಲಿಂಪಿಕ್ ಶೈಲಿಗೆ ಅದು ಹಲವರಿಗೆ ಸಾಕಾದೀತು. ಕೊರಿಯನ್ ಪದ್ಧತಿಯಲ್ಲಿ ಕೈ ಗದ್ದ, ಕೆನ್ನೆ ದಾಟಿ ಬಲ ಭುಜದ ಮೇಲಕ್ಕೆ ಹೋಗುತ್ತದೆ. ಅಲ್ಲಿ ಸಾಧಾರಣ ಎತ್ತರದವರು ಬಳಸುವ 2 ಜಾ 6 ಚಿ (ಕೊರಿಯಾದ ಹಳೆಯ ಉದ್ದಳತೆ) ಬಾಣವೆಂದರೆ ಸುಮಾರು 78.8 ಸೆಂ.ಮೀ., ಅಂದರೆ 31 ಇಂಚು. ತೋಳನ್ನು ಪಕ್ಕಕ್ಕೆ ನೇರ ಚಾಚಿ, ಗಂಟಲ ನಡುವಿನಿಂದ ನಡುಬೆರಳ ತುದಿಯವರೆಗೆ ಅಳೆದರೆ ಅವರವರ ಬಾಣದ ಉದ್ದ ಸಿಗುತ್ತದೆ. ಕಲಿಯುವವರಿಗೆ ಅದಕ್ಕಿಂತ ಒಂದಿಂಚು ಹೆಚ್ಚೇ ಇರಲಿ. ಗಿಡ್ಡ ಬಾಣ ಹೂಡಿ ಪೂರ್ತಿ ಎಳೆದರೆ ಮೊನೆ ಹಿಡಿಯನ್ನು ದಾಟಿ ಒಳಗೆ ಬರುತ್ತದೆ. ಆ ಸ್ಥಿತಿಯಲ್ಲಿ ಹೆದೆ ಬಿಟ್ಟರೆ ಮೊನೆ ನುಗ್ಗುವುದು ಬಿಲ್ಲು ಹಿಡಿದ ಎಡಗೈಗೆ. ಕೈಪಿಡಿಯಲ್ಲಿ ‘ಕಿವಿಯ ಹಿಂದಿನವರೆಗೆ ಎಳೆಯಿರಿ’ ಎಂದು ಬರೆದು, ಪೆಟ್ಟಿಗೆಯಲ್ಲಿ 28 ಇಂಚಿನ ಬಾಣ ಇಟ್ಟಿದ್ದೀರಿ. ಎರಡನ್ನೂ ಒಟ್ಟಿಗೆ ಯಾರಾದರೂ ಒಮ್ಮೆಯಾದರೂ ಪರೀಕ್ಷಿಸಿದ್ದರೆ ಈ ಸೆಟ್ ಗೋದಾಮಿನಿಂದ ಹೊರಬೀಳುತ್ತಿರಲಿಲ್ಲ.

ಆ ಬಾಣಗಳಿಗೆ ಹಕ್ಕಿಯ ಗರಿಯೂ ಇಲ್ಲ, ಗಟ್ಟಿ ಪ್ಲಾಸ್ಟಿಕ್ ರೆಕ್ಕೆಗಳಿವೆ. ಈ ಬಿಲ್ಲಿನಲ್ಲಿ ಬಾಣ ಇಡಲು ಕೊರೆದ ಜಾಗ ಇಲ್ಲ, ಬಾಣ ಕೈಯ ಮೇಲೆಯೇ ಕೂತು ಹೊರಡುತ್ತದೆ. ಗರಿ ಬಿಲ್ಲಿಗೆ ತಾಗಿದಾಗ ಮಡಿಚಿಕೊಂಡು ದಾಟಿಹೋಗುತ್ತದೆ. ಪ್ಲಾಸ್ಟಿಕ್ ಮಡಿಚಿಕೊಳ್ಳುವುದಿಲ್ಲ, ಬಿಲ್ಲಿಗೆ ಬಡಿದು ಬಾಣದ ಹಿಂಭಾಗವನ್ನು ಪಕ್ಕಕ್ಕೆ ಒದೆಯುತ್ತದೆ, ಹೆಬ್ಬೆರಳಿನ ಬುಡದ ಚರ್ಮ ಸೀಳುತ್ತದೆ. ಬಾಣದ ಹಿಂಬದಿಯ ಕಚ್ಚೂ ಸಡಿಲ. ಹೆದೆಗೆ ಸಿಕ್ಕಿಸಿ ತೂಗಿಬಿಟ್ಟರೆ ಬಾಣ ನಿಲ್ಲಬೇಕು, ಬೆರಳಿನಿಂದ ಹೆದೆಯನ್ನು ತಟ್ಟಿದರೆ ಬೀಳಬೇಕು. ನಿಮ್ಮ ಬಾಣಗಳು ತೂಗಿಬಿಟ್ಟ ಕೂಡಲೇ ಉದುರುತ್ತವೆ. ಎಳೆಯುವಾಗ ಕಚ್ಚು ಹೆದೆಯಿಂದ ಕಳಚಿದರೆ ಅದು ಬಾಣವಿಲ್ಲದೆ ಹೆದೆ ಬಿಟ್ಟಂತೆಯೇ.

ಕೈಪಿಡಿಯ ಮೊದಲ ಪಾಠವೂ ಅದನ್ನೇ ಮಾಡಿ ಎನ್ನುತ್ತದೆ: ಬಾಣವಿಲ್ಲದೆ ಹತ್ತು ಸಲ ಪೂರ್ತಿ ಎಳೆದು, ಬೆರಳು ತೆರೆದು ಹೆದೆಯನ್ನು ಹಾರಿಸಿ ಅಂತ. ಕೊರಿಯಾದ ಬಿಲ್ಲುಮೈದಾನಗಳಲ್ಲಿ ಹೊಸಬರಿಗೆ ಖಾಲಿ ಬಿಲ್ಲು ಎಳೆಸುವುದು ನಿಜ. ಆದರೆ ಎಳೆದ ಹೆದೆಯನ್ನು ಅಷ್ಟೇ ನಿಧಾನವಾಗಿ ಮರಳಿ ಇಳಿಸುತ್ತಾರೆ, ಬಿಡುವ ಮಾತೇ ಇಲ್ಲ. ಬಾಣ ಹೊತ್ತೊಯ್ಯಬೇಕಾದ ಶಕ್ತಿಗೆ ಬೇರೆ ದಾರಿ ಇಲ್ಲದಾಗ ಅದು ತೋಳುಗಳಿಗೇ ಬಡಿಯುತ್ತದೆ. ಪದರ ಬಿಡುತ್ತದೆ, ಹೆದೆ ಹರಿಯುತ್ತದೆ, ಚೂರು ಮುಖಕ್ಕೆ ಹಾರಲೂಬಹುದು. ಬಿಡುವುದನ್ನು ಕಲಿಸಬೇಕಿದ್ದರೆ ಗಟ್ಟಿ ದಾರದ ಒಂದು ಕುಣಿಕೆ ಸಾಕು. ಎಡಗೈಗೆ ಸಿಕ್ಕಿಸಿ, ಬಲಗೈ ಉಂಗುರದಿಂದ ಎಳೆದು, ತೋರುಬೆರಳು ಸಡಿಲಿಸಿ ಬಿಟ್ಟು ನೋಡಲಿ. ಅದು ಕೈಗೆ ಬಂದ ಮೇಲೆ ಹಗ್ಗದಿಂದ ಕಂಬಕ್ಕೆ ಕಟ್ಟಿದ ಬಾಣ, ಆಮೇಲಷ್ಟೇ ಐದಾರು ಮೀಟರ್ ದೂರದ ಹುಲ್ಲಿನ ಗುರಿ. ‘ಮನೆಯ ತಾರಸಿಯಲ್ಲೂ ಅಭ್ಯಾಸ ಮಾಡಬಹುದು’ ಎಂಬ ಸಾಲನ್ನು ಇವತ್ತೇ ತೆಗೆದುಹಾಕಿ. 145 ಮೀಟರ್ ಆಚೆಯ ಗುರಿಗೆ ಬಾಣ ಮುಟ್ಟಿಸಲೆಂದೇ ಮಾಡಿದ ಬಿಲ್ಲು ಇದು. ಗುರಿ ತಪ್ಪಿದ ಬಾಣ ಪಕ್ಕದ ಬೀದಿಗೆ ಹೋಗುತ್ತದೆ.

ಹೆದೆ ಏರಿಸುವ ಪುಟದಲ್ಲಿ ಎರಡು ಬಗೆಯ ಬಿಲ್ಲುಗಳನ್ನು ಕಲಸಿಬಿಟ್ಟಿದ್ದೀರಿ. ‘ಮೊದಲು ಬಿಲ್ಲನ್ನು ಕೆಂಡದ ಮೇಲೆ ಹದವಾಗಿ ಕಾಯಿಸಿ’ ಎಂದಿದೆ. ಅದು ಗಾಕ್‌ಗುಂಗ್‌ಗೆ, ಅಂದರೆ ಎಮ್ಮೆ ಕೊಂಬು, ಬಿದಿರು, ಪ್ರಾಣಿಯ ಸ್ನಾಯುರಜ್ಜುಗಳನ್ನು ಮೀನಿನ ಗಾಳಿಚೀಲದ ಅಂಟಿನಿಂದ ಕೂಡಿಸಿದ ಸಾಂಪ್ರದಾಯಿಕ ಬಿಲ್ಲಿಗೆ ಹೇಳಿದ ಮಾತು. ಬಿಸಿಗೆ ಅದರ ಅಂಟು ಮೆದುವಾಗುತ್ತದೆ, ಆಗ ತೋಳುಗಳನ್ನು ಒತ್ತಿ ತಿದ್ದಿ ಸಮಕ್ಕೆ ತರುತ್ತಾರೆ. ಅದೂ ಬಲ್ಲವರ ಕೈಯ ಕೆಲಸ. ನೀವು ಮಾರುತ್ತಿರುವುದು ಗೇರ್ಯಾಂಗ್‌ಗುಂಗ್, ಆಧುನಿಕ ಪದರದ ಬಿಲ್ಲು. ಇದನ್ನು ಕೆಂಡಕ್ಕೆ ಹಿಡಿದರೆ ಪದರಗಳೇ ಬಿಟ್ಟುಕೊಳ್ಳುತ್ತವೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವುದೂ ಬೇಡ. ಅದೇ ಪುಟದ ಚಿತ್ರವಂತೂ ಪೂರ್ತಿ ತಪ್ಪು. ಹೆದೆ ಇಳಿಸಿದ ಬಿಲ್ಲು ಯಾವ ಕಡೆ ಬಾಗಿದೆಯೋ ಅದೇ ಕಡೆಗೆ ಹೆದೆ ಕಟ್ಟಿ ತೋರಿಸಿದ್ದೀರಿ. ಆ ಬಾಗನ್ನು ಹಿಂದುಮುಂದಾಗಿ ತಿರುಗಿಸಿಯೇ ಹೆದೆ ಏರಿಸಬೇಕು. ಕೆಳತುದಿಯ ಕುಣಿಕೆ ಕೂರಿಸಿ, ಒಂದು ಕಾಲನ್ನು ಬಿಲ್ಲಿಗೂ ಹೆದೆಗೂ ನಡುವೆ ದಾಟಿಸಿ, ಕೆಳತುದಿಯನ್ನು ಇನ್ನೊಂದು ಕಾಲಿನ ಹರಡಿಗೆ ಆನಿಸಿ, ಹಿಡಿ ತೊಡೆಯ ಹಿಂದೆ ಬರುವಂತೆ ನಿಂತು, ಮೇಲಿನ ತೋಳನ್ನು ಪಕ್ಕಕ್ಕೆ ವಾಲಿಸದೆ ಮುಂದಕ್ಕೆ ಬಗ್ಗಿಸಿ ಕುಣಿಕೆ ಸಿಕ್ಕಿಸಬೇಕು. ಪಕ್ಕಕ್ಕೆ ವಾಲಿದರೆ ತೋಳು ತಿರುಚುತ್ತದೆ. ಏರಿಸಿದ ಮೇಲೆ ಬಿಲ್ಲನ್ನು ಮುಖದಿಂದ ದೂರ ಹಿಡಿದು, ಹೆದೆ ಎರಡೂ ದಿಂಬುಗಳ ಮಧ್ಯದಲ್ಲಿದೆಯೇ ನೋಡಬೇಕು. ಒಂದು ಕಡೆಗೆ ಸರಿದಿದ್ದರೆ ಎಳೆಯುವಾಗ ಬಿಲ್ಲು ಚಿಮ್ಮಿ ಮಗುಚಿಕೊಳ್ಳುತ್ತದೆ.

ಮೂರರಲ್ಲಿ ಒಂದು ಬಿಲ್ಲು ಎಡಚರದ್ದು ಬಂದಿದೆ. ಬಾಣ ಉಜ್ಜಿಹೋಗುವ ಜಾಗದ ತೊಗಲು ಅದರಲ್ಲಿ ಎಡಬದಿಗಿದೆ. ನಾವು ಕೇಳಿದ್ದು ಮೂರೂ ಬಲಗೈಯವರಿಗೆ. ಪೆಟ್ಟಿಗೆಯ ಮೇಲೆ ‘45 ಪೌಂಡು’ ಎಂದಷ್ಟೇ ಇದೆ, ಎಷ್ಟು ಇಂಚು ಎಳೆದಾಗ 45 ಎಂಬುದಿಲ್ಲ. ಇಂಥ ಗಿಡ್ಡ ಬಿಲ್ಲಿನಲ್ಲಿ ಒಂದೊಂದು ಇಂಚಿಗೂ ಎರಡು ಮೂರು ಪೌಂಡು ಏರುತ್ತದೆ. 28 ಇಂಚಿಗೆ 45 ಇದ್ದರೆ 31ಕ್ಕೆ ಐವತ್ತು ದಾಟುತ್ತದೆ. ಅದನ್ನು ‘ಆರಂಭಿಕರಿಗೆ’ ಎನ್ನಲಾಗದು. 30ರಿಂದ 35 ಪೌಂಡಿನ ಬಿಲ್ಲಿನಿಂದ ಶುರುಮಾಡಿದರೆ ಭುಜ ಉಳಿಯುತ್ತದೆ, ಭಂಗಿಯೂ ಕೂಡಿಬರುತ್ತದೆ.

ಜಾಹೀರಾತಿನಲ್ಲಿ ‘ಕೊಂಬಿನ ಬಿಲ್ಲು, ಕೊರಿಯಾದ ಒಲಿಂಪಿಕ್ ಚಾಂಪಿಯನ್ನರು ಬಳಸುವಂಥದ್ದು’ ಎಂದಿದೆ. ಎರಡೂ ಸುಳ್ಳು. ಕೊಂಬಿನದಲ್ಲ ಎಂದು ಮೇಲೆ ಹೇಳಿದ್ದೇವೆ. ಒಲಿಂಪಿಕ್ ಪಟುಗಳು ಗುರಿಸಾಧನ ಅಳವಡಿಸಿದ ರಿಕರ್ವ್ ಬಿಲ್ಲಿನಲ್ಲಿ 70 ಮೀಟರ್ ದೂರಕ್ಕೆ ಹೊಡೆಯುತ್ತಾರೆ. ಈ ಸಾಂಪ್ರದಾಯಿಕ ವಿದ್ಯೆಯಲ್ಲಿ ಗುರಿ 145 ಮೀಟರ್ ಆಚೆ, 2 ಮೀಟರ್ ಅಗಲ, 2.67 ಮೀಟರ್ ಎತ್ತರದ ಹಿಂದಕ್ಕೆ ವಾಲಿದ ಹಲಗೆ. ಒಂದು ಸರದಿಗೆ ಐದು ಬಾಣ, ಹಲಗೆಯ ಎಲ್ಲಿ ತಾಗಿದರೂ ತಾಗಿದಂತೆಯೇ ಲೆಕ್ಕ. ದಕ್ಷಿಣ ಕೊರಿಯಾ 2020ರಲ್ಲಿ ಇದನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯೆಂದು ಗುರುತಿಸಿದೆ. ಅದರದೇ ಆದ ಹಿರಿಮೆ ಅದಕ್ಕಿದೆ, ಒಲಿಂಪಿಕ್ ಹೆಸರಿನ ಹಂಗು ಬೇಕಿಲ್ಲ.

ನಮ್ಮ ಕೋರಿಕೆ ಹೀಗಿದೆ. ಕೈಪಿಡಿ ತಿದ್ದುವವರೆಗೆ ಈ ಸೆಟ್‌ನ ಮಾರಾಟ ನಿಲ್ಲಿಸಿ. ಈಗಾಗಲೇ ಕೊಂಡ ಪ್ರತಿಯೊಬ್ಬರಿಗೂ ಸಂದೇಶ ಕಳಿಸಿ: ಬಿಲ್ಲನ್ನು ಕಾಯಿಸಬೇಡಿ, ಬಾಣವಿಲ್ಲದೆ ಹೆದೆ ಬಿಡಬೇಡಿ, 28 ಇಂಚಿನ ಬಾಣವನ್ನು ಪೂರ್ತಿ ಎಳೆಯಬೇಡಿ. ಹಣ ವಾಪಸಾತಿಗಿಂತಲೂ ಇದು ಮೊದಲು ಆಗಬೇಕು. ಉಂಗುರ, ಬಾಣಗಳ ಹಣ ಹಿಂದಿರುಗಿಸಿ, ಎಡಚರ ಬಿಲ್ಲನ್ನು ನಿಮ್ಮದೇ ಖರ್ಚಿನಲ್ಲಿ ಬದಲಿಸಿಕೊಡಿ. ಮುಂದೆ ಮಾರುವಾಗ ಹೆಬ್ಬೆರಳ ಗಂಟಿನ ಅಗಲ ಮತ್ತು ದಪ್ಪ ಎರಡನ್ನೂ ಮಿಲಿಮೀಟರಿನಲ್ಲಿ ಕೇಳಿ, ಅದಕ್ಕೆ ತಕ್ಕ ಉಂಗುರ ಕೊಡಿ. ತಿದ್ದಿದ ಕೈಪಿಡಿಯ ಕರಡನ್ನು ಕಳಿಸಿದರೆ ಸಂಭಾವನೆ ಇಲ್ಲದೆ ನೋಡಿಕೊಡಲು ಸಿದ್ಧರಿದ್ದೇವೆ.

2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳಂತೆ ಈ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಸರಿಯಾದ ಬಳಕೆಯ ಸೂಚನೆ, ಎಚ್ಚರಿಕೆ ಇಲ್ಲದ ಸರಕಿನಿಂದಾಗುವ ಹಾನಿಯ ಹೊಣೆಯ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಏನಿದೆ ಎಂಬುದು ನಿಮ್ಮ ಕಾನೂನು ವಿಭಾಗಕ್ಕೆ ತಿಳಿದೇ ಇರುತ್ತದೆ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಬಿಲ್ಲು ಅಭ್ಯಾಸ ಗುಂಪಿನ ತರಬೇತುದಾರರು

ಲಗತ್ತು: ರಸೀದಿಯ ಪ್ರತಿ, ಉಂಗುರದ ಅಂಚು, ನಾರೆದ್ದ ಹೆದೆ, ಬಾಣದ ಅಳತೆ ಹಾಗೂ ಎಡಚರ ಬಿಲ್ಲಿನ ಫೋಟೊಗಳು, ಕೈಪಿಡಿಯ ತಪ್ಪು ಪುಟಗಳ ಪ್ರತಿ.